ಕದ್ದು ಕಲಿತ ತಮಿಳು

ಇಪ್ಪತ್ತು ನಿಮಿಷದ ಫೋನಿನಲ್ಲಿ ಏಳು ಸಲ ‘ಅತ್ತೈ’ ಎಂಬ ಮಾತು ಬಂದರೆ ಯಾವ ಅತ್ತೆಯ ಕಿವಿಯಾದರೂ ನೆಟ್ಟಗಾಗದೆ ಇದ್ದೀತೆ, ನೀವೇ ಹೇಳಿ. ಉಳಿದದ್ದೊಂದೂ ಅರ್ಥವಾಗದು. ಕತ್ತಲೆಯಲ್ಲಿ ಯಾರೋ ಕಡ್ಡಿ ಗೀರಿದ ಹಾಗೆ ಆ ಒಂದೇ ಪದ ಆಗಾಗ ಫಕ್ಕನೆ ಹೊತ್ತಿಕೊಂಡು ಆರಿಹೋಗುತ್ತಿತ್ತು. ಅದರ ಹಿಂದೆ ಏನಿದೆ, ಮುಂದೆ ಏನಿದೆ, ತಿಳಿಯದು. ಹೊಗಳಿದಳೋ, ತೆಗಳಿದಳೋ, ಬರೀ ‘ಅತ್ತೆ ಕಾಯಿ ತುರಿಯುತ್ತಿದ್ದಾರೆ’ ಎಂದಳೋ.

ನನ್ನ ಸೊಸೆ ಮದುರೆಯವಳು. ಮಗನೂ ಅವಳೂ ಬೆಂಗಳೂರಿನಲ್ಲಿ ಕೆಲಸಕ್ಕಿದ್ದು, 2019ರಲ್ಲಿ ಮದುವೆಯಾದರು. ಹಬ್ಬಕ್ಕೆ ಎರಡು ದಿನ ಬಂದು ಹೋಗುವ ಸೊಸೆಯಾಗಿದ್ದಷ್ಟು ಕಾಲ ನಮ್ಮಿಬ್ಬರ ನಡುವೆ ಹತ್ತು ಇಂಗ್ಲಿಷ್ ವಾಕ್ಯ, ಒಂದಿಷ್ಟು ನಗು ಸಾಕಾಗುತ್ತಿತ್ತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗುವ ಎರಡು ದಿನ ಮೊದಲು ಇಬ್ಬರೂ ಒಂದೊಂದು ಚೀಲ ಹಿಡಿದು ಅರಸೀಕೆರೆಯ ನಮ್ಮ ಮನೆಗೆ ಬಂದರು. ನಾಲ್ಕು ದಿನವೆಂದು ಬಂದವರು ಒಂದೂವರೆ ವರ್ಷ ಉಳಿದರು. ಎರಡು ಕೋಣೆಯ ಮನೆ. ಅವರಿಗೊಂದು ಕೋಣೆ, ನಮಗೊಂದು. ನಡುಮನೆಯಲ್ಲಿ ಟೀವಿಯೂ ನಮ್ಮವರೂ. ಅವಳಿಗೆ ಅಮ್ಮನ ಜೊತೆ ಮಾತಾಡಲು ಉಳಿದದ್ದು ಹಿತ್ತಿಲ ಮೆಟ್ಟಿಲು ಒಂದೇ. ಆ ಮೆಟ್ಟಿಲಿಗೂ ನನ್ನ ಅಡಿಗೆಮನೆಯ ಕಿಟಕಿಗೂ ಮೂರು ಮಾರು ದೂರ.

ಮೊದಲೇ ಹೇಳಿಬಿಡುತ್ತೇನೆ, ಭಾಷೆ ಕಲಿಯುವ ಕೆಲಸವನ್ನು ನಮ್ಮಿಬ್ಬರಲ್ಲಿ ಮೊದಲು ಶುರು ಮಾಡಿದವಳು ಅವಳೇ. ಬಂದ ವಾರದಲ್ಲೇ ಕನ್ನಡದಲ್ಲಿ ಮಾತಾಡತೊಡಗಿದಳು. ತಮಿಳಿನ ‘ಪ’ ಕನ್ನಡದಲ್ಲಿ ‘ಹ’ ಆಗುತ್ತದೆಂದು ಹೇಗೋ ಕಂಡುಕೊಂಡಿದ್ದಳು. ಪಾಲ್ ಎಂದರೆ ಹಾಲು, ಪಲ್ ಎಂದರೆ ಹಲ್ಲು. ಆ ಧೈರ್ಯದ ಮೇಲೆ ಒಂದು ದಿನ ಅಡಿಗೆಮನೆಗೆ ಬಂದು “ಅತ್ತೆ, ಹರುಪ್ಪು ಎಲ್ಲಿದೆ?” ಎಂದಳು. ತಮಿಳಿನಲ್ಲಿ ಬೇಳೆಗೆ ಪರುಪ್ಪು. ಅದನ್ನು ತಾನೇ ಕನ್ನಡ ಮಾಡಿಕೊಂಡು ತಂದಿದ್ದಳು, ಪಾಪ. ನಮ್ಮವರು ಕಾಫಿ ಲೋಟ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕರು. ಮಗನೂ ನಕ್ಕ. ನಾನೂ ನಕ್ಕೆ. ಅವಳೂ ನಕ್ಕಳು, ಆದರೆ ಆಮೇಲೆ ಎರಡು ದಿನ ಇಂಗ್ಲಿಷಿಗೆ ಮರಳಿಬಿಟ್ಟಳು.

ಆ ನಗೆಯನ್ನು ನೋಡಿದ ಮೇಲೆ ನಾನು ತಮಿಳು ಕಲಿಯುವುದಾದರೆ ಯಾರಿಗೂ ತಿಳಿಯದಂತೆ ಕಲಿಯಬೇಕು ಎಂದು ನಿಶ್ಚಯಿಸಿದೆ. ಇಪ್ಪತ್ತೇಳು ವರ್ಷ ಮಕ್ಕಳ ತಪ್ಪಿಗೆ ಕೆಂಪು ಶಾಯಿ ಹಚ್ಚಿದವಳು ನಾನು. ಐವತ್ತು ದಾಟಿದ ಮೇಲೆ ನನ್ನ ತಪ್ಪಿಗೆ ಇನ್ನೊಬ್ಬರು ನಗುವುದನ್ನು ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಇದು ಒಂದು ಕಾರಣ. ಇನ್ನೊಂದು ಕಾರಣ ಆಗಲೇ ಹೇಳಿದ ಏಳು ‘ಅತ್ತೈ’. ಸೊಸೆಯ ಮೇಲಿನ ಪ್ರೀತಿಯಿಂದ ಕಲಿತೆ ಎಂದು ಹೇಳಿಕೊಂಡರೆ ಕೇಳುವವರಿಗೂ ಚೆಂದ, ಹೇಳುವವಳಿಗೂ ಚೆಂದ. ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಬೆಳಗಿನ ಐದು ಗಂಟೆಗೆ ನನ್ನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಪ್ರೀತಿಯಲ್ಲ, ಅನುಮಾನ.

ಪುಸ್ತಕ ಮನೆಯಲ್ಲೇ ಇತ್ತು. ಮದುವೆ ಮಾತುಕತೆಗೆ ಹೋದಾಗ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಂಡದ್ದು, ಮೂವತ್ತು ದಿನದಲ್ಲಿ ಕಲಿಸುತ್ತೇನೆಂದು ರಟ್ಟಿನ ಮೇಲೆ ಆಣೆ ಹಾಕುವ ಜಾತಿಯದು. ಅದನ್ನೂ ಒಂದು ನೂರು ಪುಟದ ನೋಟ್‌ಬುಕ್ಕನ್ನೂ ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ. ಶಾಲೆ ಮುಚ್ಚಿತ್ತು, ಹೊತ್ತಿಗೇನೂ ಬರವಿರಲಿಲ್ಲ.

ತಮಿಳಿನಲ್ಲಿ ಸ್ವರ 12, ವ್ಯಂಜನ 18, ಎರಡೂ ಕೂಡಿದ ಗುಣಿತಾಕ್ಷರ 216, ಮೂರು ಚುಕ್ಕೆಯ ಆಯ್ದಂ ಎಂಬುದೊಂದು, ಒಟ್ಟು 247. ಲೆಕ್ಕ ಕೇಳಿ ಹೆದರಬೇಡಿ, ನಮ್ಮ ಕಾಗುಣಿತವನ್ನು ಹೀಗೆ ಎಣಿಸಿದರೆ ಅದಕ್ಕಿಂತ ಹೆಚ್ಚೇ ಆದೀತು. ಕಷ್ಟ ಇರುವುದು ಬೇರೆ ಕಡೆ. ಕ, ಖ, ಗ, ಘ ನಾಲ್ಕಕ್ಕೂ ಅಲ್ಲಿ ಒಂದೇ ಅಕ್ಷರ. ಪದದ ಯಾವ ಜಾಗದಲ್ಲಿ ಕೂತಿದೆ ಎಂಬುದರ ಮೇಲೆ, ಮತ್ತು ರೂಢಿಯ ಮೇಲೆ, ಅದು ಕ ಆಗುತ್ತದೆ ಅಥವಾ ಗ ಆಗುತ್ತದೆ. ತಮಿಳಿನಲ್ಲಿ ‘ಕಾಂತಿ’ ಎಂದು ಬರೆದರೂ ‘ಗಾಂಧಿ’ ಎಂದು ಬರೆದರೂ ಕಣ್ಣಿಗೆ ಒಂದೇ. ಹೇಳಿಕೊಡುವವರು ಎದುರಿಗಿದ್ದರೆ ಇದು ಐದು ನಿಮಿಷದ ಮಾತು. ನಾನು ಒಬ್ಬಳೇ ಇದ್ದುದರಿಂದ ಎರಡು ವಾರ ಹಿಡಿಯಿತು. ಒಬ್ಬರೇ ಕಲಿಯುವುದರಲ್ಲಿ ಇದೊಂದು ವಿಚಿತ್ರ. ತಪ್ಪು ಮಾಡಿದರೆ ಯಾರೂ ನಗುವುದಿಲ್ಲ ನಿಜ, ಆದರೆ ತಪ್ಪು ತಪ್ಪೆಂದು ಗೊತ್ತಾಗುವುದೂ ಇಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಒಂದೂ ಕೆಂಪು ಗೆರೆ ಇರಲಿಲ್ಲ. ಅದನ್ನು ನೋಡಿ ನಾನು ಹೆಮ್ಮೆಪಡುತ್ತಿದ್ದೆ!

ಮೊದಲು ಓದಿದ ಪದ ಬೀಗಿತ್ತಿ ಕಳಿಸಿದ್ದ ಪ್ಯಾಕೆಟ್ಟಿನ ಮೇಲಿನದು. ಅಪ್ಪಳಂ. ಹಪ್ಪಳ! ಒಲೆಯ ಮುಂದೆ ನಿಂತುಕೊಂಡೇ ಕಣ್ಣಲ್ಲಿ ನೀರು ಬಂತು. ಒಂದನೆಯ ತರಗತಿಯ ಮಗು ಅಂಗಡಿ ಬೋರ್ಡು ಓದಿದಾಗ ಅದಕ್ಕೆ ಏನಾಗುತ್ತದೆಂದು ಇಷ್ಟು ವರ್ಷ ಮೇಷ್ಟರಾಗಿಯೂ ನನಗೆ ಮರೆತೇಹೋಗಿತ್ತು.

ಆಮೇಲೆ ಶುರುವಾಯಿತು ನೋಡಿ ನಿಜವಾದ ಸಂತೋಷ. ಹಳಗನ್ನಡದ ಪಾಲ್, ಪುಲಿ, ಪೂ ನಡುಗನ್ನಡಕ್ಕೆ ಬರುವಾಗ ಹಾಲು, ಹುಲಿ, ಹೂ ಆದವೆಂದು ಪ್ರತಿವರ್ಷ ಪಾಠ ಮಾಡಿದ್ದೇನೆ. ಆ ಪಾಲ್, ಆ ಪುಲಿ, ಆ ಪೂ ನನ್ನ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದವು. ಅವರ ‘ವ’ ನಮ್ಮಲ್ಲಿ ‘ಬ’. ವಾ ಎಂದರೆ ಬಾ, ವೇರ್ ಎಂದರೆ ಬೇರು, ವಿರಲ್ ಎಂದರೆ ಬೆರಳು. ಅವರ ಸೆವಿ ನಮ್ಮ ಕಿವಿ, ಅವರ ಸೇರಿ ನಮ್ಮ ಕೇರಿ. ಕಾಲ್ಡ್‌ವೆಲ್ ಎಂಬ ಪಾದ್ರಿ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದನೆಂದು ಪರೀಕ್ಷೆಗೆ ಉರುಹೊಡೆದಿದ್ದೆ. ಆತನಿಗೆ ಎಷ್ಟು ಖುಷಿಯಾಗಿದ್ದಿರಬೇಕು ಎಂಬುದು ಮಾತ್ರ ಈಗ ಹೊಳೆಯಿತು. ಇನ್ನೊಂದು ಸಂಗತಿ. ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವಿತ್ತು. ಬಾೞೆ, ಏೞು. ಎಷ್ಟೋ ಶತಮಾನಗಳ ಹಿಂದೆಯೇ ಅದು ನಮ್ಮ ಬಾಯಿಂದ ಮರೆಯಾಯಿತು. ಅದನ್ನು ಕಪ್ಪು ಹಲಗೆಯ ಮೇಲೆ ಬರೆದಿದ್ದೆನೇ ಹೊರತು ಅದರ ದನಿ ಹೇಗಿದ್ದೀತೆಂದು ಯೋಚಿಸಿಯೂ ಇರಲಿಲ್ಲ. ಒಂದು ಸಂಜೆ ಸೊಸೆ ಬಾಳೆಹಣ್ಣನ್ನು ನೋಡಿ ಫೋನಿನಲ್ಲಿ ‘ವಾೞೈ’ ಎಂದಳು. ನಾಲಗೆಯನ್ನು ಹಿಂದಕ್ಕೆ ಮಡಿಸಿ, ಯಾವುದಕ್ಕೂ ತಾಗಿಸದೆ, ಮೆಲ್ಲಗೆ. ಪಂಪನ ಕಾಲದ ಅಕ್ಷರ ನನ್ನ ಮನೆಯಲ್ಲಿ ಜೀವಂತ ಕೂತಿದೆ ಎನ್ನಿಸಿ ಮೈ ಜುಮ್ಮೆಂದಿತು. ಕೂಗಿ ಅವಳಿಗೆ ಹೇಳಬೇಕೆನ್ನಿಸಿತು. ಹೇಳುವಂತಿರಲಿಲ್ಲ. ಕದ್ದ ಒಡವೆಯನ್ನು ಹಾಕಿಕೊಂಡು ಬೀದಿಗೆ ಹೋಗಲು ಬರುತ್ತದೆಯೇ?

ಪುಸ್ತಕದ ತಮಿಳೇ ಬೇರೆ, ಬಾಯಿಯ ತಮಿಳೇ ಬೇರೆ ಎಂಬುದು ಮೂವತ್ತು ದಿನ ಮುಗಿದ ಮೇಲೆ ತಿಳಿಯಿತು. ಪುಸ್ತಕದಲ್ಲಿ ‘ಪೋಗಿರೇನ್’, ಅವಳ ಬಾಯಲ್ಲಿ ‘ಪೋರೇನ್’. ಪುಸ್ತಕದಲ್ಲಿ ‘ವೀಟ್ಟಿಲ್’, ಅವಳಲ್ಲಿ ‘ವೀಟ್ಟುಲ’. ಪುಸ್ತಕದ ‘ಅವರ್ಗಳ್’ ಅವಳಲ್ಲಿ ‘ಅವಂಗ’. ಎಲ್ಲಾ ಭಾಷೆಯಲ್ಲೂ ಇದು ಸ್ವಲ್ಪ ಇದ್ದದ್ದೇ, ತಮಿಳಿನಲ್ಲಿ ತುಂಬಾ. ಹಾಗಾಗಿ ನನಗೆ ಉಳಿದ ಗುರು ಒಬ್ಬಳೇ, ಅವಳು ಫೋನಿನಲ್ಲಿದ್ದಾಗ. ಅವಳಿಗೆ ಗೊತ್ತಿಲ್ಲದೆಯೇ ಅವಳು ನನಗೆ ಪಾಠ ಹೇಳುತ್ತಿದ್ದಳು.

ಜೂನ್ ತಿಂಗಳ ಒಂದು ರಾತ್ರಿ ಅವಳು ಅಮ್ಮನಿಗೆ ಸಂಕಟದ ದನಿಯಲ್ಲಿ ಹೇಳುತ್ತಿದ್ದಳು, “ಇವಂಗ ವೀಟ್ಟುಲ ಎಲ್ಲಾತ್ತುಲಯುಂ ವೆಲ್ಲಂ.” ಪುಸ್ತಕದಲ್ಲಿ ‘ವೆಳ್ಳಂ’ ಎಂದರೆ ಪ್ರವಾಹ. ನನ್ನ ಎದೆ ಧಸಕ್ಕೆಂದಿತು. ನಡುಮನೆಗೆ ಓಡಿ ಬಂದು “ವಾರ್ತೆ ಹಾಕಿ, ಮದುರೆ ಕಡೆ ನೆರೆ ಬಂದಿದೆಯಂತೆ” ಎಂದೆ. ನಮ್ಮವರು ಅರ್ಧ ಗಂಟೆ ವಾರ್ತೆ ನೋಡಿದರು. ಎಲ್ಲೂ ನೆರೆಯಿಲ್ಲ. ರಾತ್ರಿ ಹಾಸಿಗೆಯಲ್ಲಿ ಹೊರಳಾಡುವಾಗ ಹೊಳೆಯಿತು, ಅದು ‘ಳ’ ಅಲ್ಲ, ‘ಲ’. ‘ವ’ ಎಂದರೆ ‘ಬ’. ವೆಲ್ಲಂ ಎಂದರೆ ಬೆಲ್ಲ. ‘ಇವರ ಮನೆಯಲ್ಲಿ ಎಲ್ಲದರಲ್ಲೂ ಬೆಲ್ಲ.’ ಸಾರಿನಲ್ಲಿ ಬೆಲ್ಲ, ಪಲ್ಯದಲ್ಲಿ ಬೆಲ್ಲ, ಹುಳಿಯಲ್ಲಿ ಬೆಲ್ಲ. ನೆರೆ ಬಂದದ್ದು ನನ್ನ ಅಡಿಗೆಮನೆಯಲ್ಲೇ.

ಮಾರನೆಯ ದಿನ ಬೆಲ್ಲ ಹಾಕದೆ, ಹುಳಿ ಖಾರ ಮುಂದಾಗಿ ಸಾರು ಮಾಡಿದೆ. ಅವಳು ಎರಡನೆಯ ಸಲ ಬಡಿಸಿಕೊಂಡು ಉಂಡಳು. ಸಂಜೆ ಫೋನಿನಲ್ಲಿ ಅಮ್ಮನಿಗೆ ಏನೋ ಹೇಳಿದಳು, ಪೂರ್ತಿ ಹಿಡಿಯಲಾಗಲಿಲ್ಲ. ಆದರೆ ಹೇಳದೆಯೇ ಅತ್ತೆಗೆ ತಿಳಿಯಿತು ಎಂಬ ಅರ್ಥ ಬರುವ ಮಾತು. ಆ ದಿನದಿಂದ ಅವಳು ನನ್ನನ್ನು ನೋಡುವ ರೀತಿಯೇ ಬೇರೆಯಾಯಿತು. ತಲೆನೋವೆಂದು ಅಮ್ಮನಿಗೆ ಹೇಳಿದ ದಿನ ನಾನು ಶುಂಠಿ ಕಷಾಯ ಮಾಡಿ ಮುಂದಿಟ್ಟೆ. ಮಲ್ಲಿಗೆ ಸಿಗುವುದಿಲ್ಲ ಎಂದ ವಾರ ಎಲ್ಲಿಂದಲೋ ಎರಡು ಮೊಳ ತರಿಸಿದೆ. ಮನಸ್ಸು ಓದುವ ಅತ್ತೆ ಎಂಬ ಕೀರ್ತಿ ಬಂತು. ಒಳ್ಳೆಯದನ್ನೇ ಮಾಡುತ್ತಿದ್ದೇನಲ್ಲ, ತಪ್ಪೆಲ್ಲಿ ಬಂತು ಎಂದು ನನ್ನನ್ನೇ ಕೇಳಿಕೊಂಡೆ. ಆದರೂ ಅವಳು ಕೃತಜ್ಞತೆಯಿಂದ ನೋಡಿದಾಗಲೆಲ್ಲ ನಕಲು ಹೊಡೆದು ಮೊದಲ ಸ್ಥಾನ ಬಂದ ಹುಡುಗಿಯ ಹಾಗೆ ನನ್ನ ಮುಖ ಪಕ್ಕಕ್ಕೆ ತಿರುಗುತ್ತಿತ್ತು. ಅದೂ ಅಲ್ಲದೆ ಆ ‘ಇವಂಗ ವೀಡು’ ಎಂಬುದು ಚುಚ್ಚುತ್ತಲೇ ಇತ್ತು. ಇವರ ಮನೆ. ಮದುರೆಯ ಮನೆಯನ್ನು ಹೇಳುವಾಗ ‘ನಮ್ಮ ವೀಡು’ ಎನ್ನುತ್ತಿದ್ದಳು. ಅದನ್ನು ತಿಳಿಯಲು ಮೂವತ್ತು ದಿನದ ಪುಸ್ತಕವೂ ಬೇಕಿರಲಿಲ್ಲ, ‘ನಮ್ಮ’ ಎಂಬುದು ಅಲ್ಲೂ ‘ನಮ್ಮ’ವೇ.

ಇಲ್ಲೊಂದು ಹಳೆಯ ಮಾತು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ತಾಂಡಾದಿಂದ ಬರುತ್ತಿದ್ದ ಮೂವರು ಲಂಬಾಣಿ ಹುಡುಗಿಯರು ಕೂರುತ್ತಿದ್ದರು. ತಮ್ಮ ತಮ್ಮಲ್ಲಿ ಲಂಬಾಣಿಯಲ್ಲಿ ಪಿಸುಗುಟ್ಟಿ ನಗುತ್ತಿದ್ದರು. ನನ್ನ ಸೀರೆಯ ಬಗ್ಗೆಯೇ ನಗುತ್ತಿದ್ದಾರೆಂದು ನನಗೆ ಖಾತ್ರಿ. ತರಗತಿಯಲ್ಲಿ ಕನ್ನಡವನ್ನೇ ಆಡತಕ್ಕದ್ದು ಎಂದು ಅಪ್ಪಣೆ ಮಾಡಿದೆ, ಮೀರಿದಾಗ ಬೆಂಚಿನ ಮೇಲೆ ನಿಲ್ಲಿಸಿದೆ. ಆ ಮೂವರೂ ಆಮೇಲೆ ಕನ್ನಡವನ್ನೂ ಕಡಿಮೆ ಮಾತಾಡಿದರು. ಅರ್ಥವಾಗದ ಮಾತೆಲ್ಲ ತನ್ನ ಬಗ್ಗೆಯೇ ಎಂದುಕೊಳ್ಳುವುದು ಅಧಿಕಾರದಲ್ಲಿ ಕೂತವರ ಕಾಯಿಲೆ ಇರಬೇಕು. ಮೇಷ್ಟರಿಗೂ ಬರುತ್ತದೆ, ಅತ್ತೆಗೂ ಬರುತ್ತದೆ.

ಆಗಸ್ಟಿನಲ್ಲಿ ಆ ಫೋನು ಬಂತು. ನಾನು ಕಿಟಕಿಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಅವಳು ತೀರಾ ಮೆಲ್ಲಗೆ “ವೇಲೈ ಪೋಯಿಡುಚ್ಚು” ಎಂದಳು. ವೇಲೈ ಎಂದರೆ ಕೆಲಸ. ಕೆಲಸ ಹೋಯಿತು. ಆಮೇಲೆ “ಅತ್ತೈಕ್ಕು ತೆರಿಯಾದು. ಯಾರ್‌ಕಿಟ್ಟಯುಂ ಸೊಲ್ಲಾದೆ.” ಅತ್ತೆಗೆ ಗೊತ್ತಿಲ್ಲ, ಯಾರಿಗೂ ಹೇಳಬೇಡ. ಅಷ್ಟು ಸ್ಪಷ್ಟವಾಗಿ, ಒಂದು ಪದವೂ ಬಿಡದೆ ಅರ್ಥವಾದ ಮೊದಲ ತಮಿಳು ಮಾತು ಅದು. ಕಲಿತದ್ದು ಸಾರ್ಥಕವಾಯಿತು ಎನ್ನಬೇಕೇ?

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಅವಳು ಎಂದಿನಂತೆ ತಲೆ ಬಾಚಿಕೊಂಡು, ಲ್ಯಾಪ್‌ಟಾಪು ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದಕ್ಕೆ ಊಟಕ್ಕೆ ಬಂದಳು. ಆರಕ್ಕೆ ಹೊರಗೆ ಬಂದಳು. ಅದರ ಮಾರನೆಯ ದಿನವೂ ಹಾಗೇ. ಹೀಗೆ ಆರು ವಾರ. ಮಗನಿಗೆ ಗೊತ್ತಿತ್ತು, ಅವನೂ ಹೇಳಲಿಲ್ಲ. ಈ ಮನೆಯಲ್ಲಿ ನಾನೂ ಸಂಬಳ ತಂದವಳು, ಅದನ್ನು ಆಗಾಗ ಹೇಳಿಕೊಂಡವಳು. ಕೆಲಸವಿಲ್ಲದ ಸೊಸೆಯಾಗಿ ನನ್ನ ಮುಂದೆ ಕೂರಲು ಅವಳಿಗೆ ನಾಚಿಕೆ. ಮುಚ್ಚಿದ ಬಾಗಿಲ ಹಿಂದೆ ಆ ಹುಡುಗಿ ಎಂಟು ಗಂಟೆ ಏನು ಮಾಡುತ್ತಾಳೆ ಎಂದು ಯೋಚಿಸುತ್ತಾ ನಾನು ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಸದ್ದಾಗದಂತೆ ಇಡುತ್ತಿದ್ದೆ, ‘ಅವಳಿಗೆ ಕೆಲಸವಿದೆ’ ಎಂದು ನಟಿಸುತ್ತಾ. ಅವಳದೊಂದು ನಾಟಕ, ನನ್ನದೊಂದು. ಅವಳ ನಾಟಕ ನನಗೆ ಗೊತ್ತು, ನನ್ನದು ಅವಳಿಗೆ ಗೊತ್ತಿಲ್ಲ. ಅಷ್ಟೇ ವ್ಯತ್ಯಾಸ, ಆದರೆ ಅದು ಸಣ್ಣ ವ್ಯತ್ಯಾಸವಲ್ಲ.

ಹೇಳಿಬಿಡಲೇ? ಹೇಳಿದರೆ ಅವಳ ಎದೆಯ ಭಾರ ಇಳಿಯುತ್ತದೆ, ಆದರೆ ನಾನು ಐದು ತಿಂಗಳಿಂದ ಕಿವಿಗೊಟ್ಟದ್ದೂ ಬಯಲಾಗುತ್ತದೆ. ಹೇಳದೆ ಇರಲೇ? ಗುಟ್ಟು ಅವಳದು, ಅದನ್ನು ಬಿಚ್ಚುವ ಹಕ್ಕು ನನಗೆಲ್ಲಿಯದು? ನನ್ನ ಮನೆಯಲ್ಲಿ, ನನ್ನ ಕಿಟಕಿಯ ಮುಂದೆ ಆಡಿದ ಮಾತು, ಕಿವಿಗೆ ರೆಪ್ಪೆ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಕಿವಿಗೆ ಬಿದ್ದದ್ದು ಬೇರೆ, ಕಿವಿಯನ್ನು ಸಾಣೆ ಹಿಡಿದದ್ದು ಬೇರೆ. ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ನಮ್ಮ ಅಜ್ಜಿಯರು ಅವುಗಳನ್ನು ಓದಿ ಕಣ್ಣೀರು ಹಾಕಿದರು. ಅವರು ಕಲಿತದ್ದು ತರುವುದಕ್ಕೆ. ನಾನು ಕಲಿತದ್ದು?

ಇದಕ್ಕೆ ಉತ್ತರ ಸಿಕ್ಕಿದ್ದು ಪುಸ್ತಕದಿಂದಲ್ಲ, ಟ್ರಂಕಿನ ತಳದಲ್ಲಿದ್ದ ಒಂದು ಇನ್‌ಲ್ಯಾಂಡ್ ಪತ್ರದಿಂದ. ನನ್ನ ಮದುವೆಯಾದದ್ದು 1991ರಲ್ಲಿ. ತವರಿನಿಂದ ಅಮ್ಮ ಹದಿನೈದು ದಿನಕ್ಕೊಂದು ಪತ್ರ ಬರೆಯುತ್ತಿದ್ದಳು. ಅದು ನನ್ನ ಕೈಗೆ ಬರುವಾಗ ಮೂರೂ ಅಂಚು ಹರಿದಿರುತ್ತಿತ್ತು. ಮನೆಯ ಹಿರಿಯರು ಜಗಲಿಯಲ್ಲಿ ಕೂತು ಓದಿ, ಮಡಿಸಿ, “ನಿಮ್ಮಮ್ಮ ಕ್ಷೇಮವಂತೆ” ಎಂದು ಹೇಳಿ ಕೊಡುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ತಪ್ಪು ಮಾಡುತ್ತಿದ್ದೇವೆಂಬ ಅರಿವೂ ಇರಲಿಲ್ಲ. ಕೆಲವು ಸಲ ಪತ್ರ ಓದಿಯೇ ನನಗೆ ಏನು ಬೇಕೆಂದು ತಿಳಿದು ತರಿಸಿಕೊಟ್ಟದ್ದೂ ಉಂಟು. ನಾನು ಮಾತ್ರ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅಳುತ್ತಿದ್ದೆ. ಆಮೇಲೆ ಅಮ್ಮನೂ ನಾನೂ ಒಂದು ಉಪಾಯ ಮಾಡಿಕೊಂಡೆವು. ‘ಗೌರಿ ಹಸು ಮೇವು ಮುಟ್ಟುತ್ತಿಲ್ಲ’ ಎಂದರೆ ಅಮ್ಮನಿಗೆ ಮೈ ಸರಿಯಿಲ್ಲ. ‘ಹಿತ್ತಿಲ ನಿಂಬೆಗಿಡ ಬಾಡಿದೆ’ ಎಂದರೆ ಅಪ್ಪನ ಕೈಯಲ್ಲಿ ದುಡ್ಡಿಲ್ಲ. ನಾನು ‘ಇಲ್ಲಿ ಮಳೆ ಜಾಸ್ತಿ’ ಎಂದು ಬರೆದರೆ ನನಗೆ ಅಳು ಜಾಸ್ತಿ ಎಂದು ಅಮ್ಮ ತಿಳಿಯಬೇಕು. ಅದೂ ಒಂದು ಭಾಷೆಯೇ. ಇಬ್ಬರೇ ಆಡುವ ಭಾಷೆ.

ಆ ಪತ್ರ ಹಿಡಿದು ಕೂತಾಗ ಗೊತ್ತಾಯಿತು. ಸೊಸೆಗೆ ಈ ಮನೆಯಲ್ಲಿ ಚಿಲಕ ಹಾಕಿಕೊಳ್ಳಬಹುದಾದ ಕೋಣೆ ಇದ್ದದ್ದು ಒಂದೇ, ಅದು ತಮಿಳು. ನಾನು ಅದರ ಹೆಂಚು ಸರಿಸಿ ಇಳಿದಿದ್ದೆ. ಜಗಲಿಯಲ್ಲಿ ಕೂತು ಇನ್‌ಲ್ಯಾಂಡ್ ಹರಿಯುತ್ತಿದ್ದವರಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ, ಅವರು ನನ್ನ ಕಣ್ಣೆದುರಿಗೆ ಹರಿಯುತ್ತಿದ್ದರು.

ಅಕ್ಟೋಬರಿನ ಒಂದು ಮಧ್ಯಾಹ್ನ ಕೋಣೆಯ ಬಾಗಿಲು ತಟ್ಟಿದೆ. ಲ್ಯಾಪ್‌ಟಾಪು ಮುಚ್ಚಿತ್ತು. ಅವಳು ಗಡಬಡಿಸಿ ತೆರೆಯಲು ಹೋದಳು. ಹತ್ತು ದಿನ ಅಭ್ಯಾಸ ಮಾಡಿದ್ದ ವಾಕ್ಯಗಳೆಲ್ಲ ಮರೆತು, ಬಾಯಿಗೆ ಬಂದದ್ದು ಒಂದೇ. “ಉನಕ್ಕು ಪಸಿಕ್ಕಿರದಾ?” ನಿನಗೆ ಹಸಿವಾಗುತ್ತಿದೆಯೇ.

ಅವಳು ಖುಷಿಯಿಂದ ನನ್ನನ್ನು ತಬ್ಬಿಕೊಂಡಳು ಎಂದು ಬರೆದರೆ ಕಥೆಗೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ಅವಳ ಮುಖದ ಬಣ್ಣ ಇಳಿಯಿತು. ಕಣ್ಣು ನನ್ನ ಮೇಲಿತ್ತು, ಆದರೆ ಅವಳು ನನ್ನನ್ನು ನೋಡುತ್ತಿರಲಿಲ್ಲ, ಹಿಂದಕ್ಕೆ ಎಣಿಸುತ್ತಿದ್ದಳು. ಒಂದೊಂದು ಸಂಜೆಯ ಒಂದೊಂದು ಫೋನನ್ನೂ ತಿರುವಿ ನೋಡುತ್ತಿದ್ದಳು. ಕೊನೆಗೆ ಕನ್ನಡದಲ್ಲಿ, ಒಂದೂ ತಪ್ಪಿಲ್ಲದೆ ಕೇಳಿದಳು, “ಯಾವಾಗಿನಿಂದ, ಅತ್ತೆ?”

ಎಲ್ಲಾ ಹೇಳಿದೆ. ಅಕ್ಕಿ ಡಬ್ಬಿಯ ಹಿಂದಿನ ನೋಟ್‌ಬುಕ್ಕು ತಂದು ಕೈಗಿಟ್ಟೆ. ಬೆಲ್ಲದ ವಿಷಯ ಹೇಳಿದೆ, ಕೆಲಸದ ವಿಷಯವೂ ನನಗೆ ಗೊತ್ತೆಂದು ಹೇಳಿದೆ, ಕೆಲಸ ಹೋದದ್ದಕ್ಕೆ ನೀನು ಯಾಕೆ ಬಾಗಿಲು ಹಾಕಿಕೊಳ್ಳಬೇಕು ಎಂದೆ. ಅವಳು ಅತ್ತಳು. ಅದು ಕೆಲಸಕ್ಕೆ ಅತ್ತದ್ದೋ ನನ್ನ ಮೇಲಿನ ಸಿಟ್ಟಿಗೆ ಅತ್ತದ್ದೋ ನಾನು ಕೇಳಲಿಲ್ಲ. ಮಾರನೆಯ ದಿನದಿಂದ ಕೋಣೆಯ ಬಾಗಿಲು ತೆರೆದಿತ್ತು, ಅದು ನಿಜ. ಆದರೆ ಹಿತ್ತಿಲ ಮೆಟ್ಟಿಲು ಖಾಲಿಯಾಯಿತು. ಅಮ್ಮನೊಡನೆ ಮಾತಾಡಲು ಅವಳು ತಾರಸಿಗೆ ಹೋಗುತ್ತಿದ್ದಳು, ಬಿಸಿಲಿರಲಿ, ಮಳೆಯಿರಲಿ. ನಾನು ಎದುರಿಗೆ ಸಿಕ್ಕರೆ ದನಿ ತಗ್ಗುತ್ತಿತ್ತು. ಕೆಲವು ಸಲ ಫೋನಿನಲ್ಲಿ ಬರೀ ‘ಆಮಾ’, ‘ಸರಿ’ ಎಂದು ಮುಗಿಸುತ್ತಿದ್ದಳು. ನಾನು ಕಲಿತ ತಮಿಳು ಅವಳ ತಮಿಳಿನಿಂದ ಅಷ್ಟನ್ನು ಕಿತ್ತುಕೊಂಡಿತು.

ಇಲ್ಲಿ ಓದುವ ಕೆಲವರು, ನೀನು ಸುಮ್ಮನೆ ದೊಡ್ಡದು ಮಾಡುತ್ತೀಯ, ಅತ್ತೆ ಸೊಸೆಯ ಭಾಷೆ ಕಲಿತರೆ ಪುಣ್ಯದ ಕೆಲಸವಲ್ಲವೇ ಎನ್ನಬಹುದು. ಕಲಿತದ್ದು ತಪ್ಪೆಂದು ನಾನೂ ಹೇಳುವುದಿಲ್ಲ. ಅವಳು ಕನ್ನಡವನ್ನು ನಮ್ಮೆಲ್ಲರ ಮುಂದೆ ಕಲಿತಳು, ತಪ್ಪು ಮಾಡಿದಳು, ನಗೆಪಾಟಲಾದಳು. ನಾನು ತಮಿಳನ್ನು ಅವಳ ಬೆನ್ನ ಹಿಂದೆ ಕಲಿತೆ. ನನ್ನ ‘ಹರುಪ್ಪು’ವಿಗೆ ನಗುವ ಅವಕಾಶವನ್ನು ನಾನು ಅವಳಿಗೆ ಕೊಡಲೇ ಇಲ್ಲ. ಯಾರೂ ನಗಬಾರದೆಂದು ಹಟ ಹಿಡಿದು ಕಲಿತ ಭಾಷೆ ಯಾರ ಜೊತೆಗೂ ಆಡಲು ಬಾರದ ಭಾಷೆಯಾಗಿತ್ತು, ಕೇಳಲು ಮಾತ್ರ ಬರುತ್ತಿತ್ತು.

ಸುಮಾರು ಒಂದು ತಿಂಗಳ ಮೇಲೆ, ಅಡಿಗೆಮನೆಯಲ್ಲಿ ನಾನು ಮತ್ತೆ ಅದೇ ‘ಪಸಿಕ್ಕಿರದಾ’ ಎಂದಾಗ ಅವಳು ತಿರುಗಿ ನೋಡದೆಯೇ, ಈರುಳ್ಳಿ ಹೆಚ್ಚುತ್ತಾ, “ಪಸಿಕ್ಕುದಾ” ಎಂದಳು. “ಪಸಿಕ್ಕಿರದಾ ಅಂತ ಯಾರೂ ಹೇಳಲ್ಲ ಅತ್ತೆ. ವಾರ್ತೆ ಓದೋರು ಹೇಳ್ತಾರೆ.” ನನ್ನ ತಮಿಳಿಗೆ ಬಿದ್ದ ಮೊದಲನೆಯ ಕೆಂಪು ಗೆರೆ ಅದು. ಆಮೇಲೆ ಬಿದ್ದವುಗಳಿಗೆ ಲೆಕ್ಕವಿಲ್ಲ. ನನ್ನ ‘ೞ’ ಕೇಳಿ ನಮ್ಮವರು, ಮಗ, ಅವಳು ಮೂವರೂ ನಕ್ಕರು. ಬೀಗಿತ್ತಿಯೂ ಫೋನಿನಲ್ಲಿ ನಕ್ಕರಂತೆ.

ಒಂದು ದಿನ ನಾನು “ನಾಂಗ ಕೋಯಿಲುಕ್ಕು ಪೋಲಾಮಾ?” ಎಂದೆ. ನಾವು ದೇವಸ್ಥಾನಕ್ಕೆ ಹೋಗೋಣವೇ ಎಂಬ ಅರ್ಥದಲ್ಲಿ. ಅವಳು ಸೊಂಟದ ಮೇಲೆ ಕೈಯಿಟ್ಟು “ಹಾಗಾದರೆ ನನ್ನನ್ನು ಬಿಟ್ಟು ಹೋಗ್ತೀರಾ?” ಎಂದಳು. ಆಗ ಹೇಳಿಕೊಟ್ಟಳು. ತಮಿಳಿನಲ್ಲಿ ‘ನಾವು’ ಎರಡು. ಕೇಳುತ್ತಿರುವವರನ್ನೂ ಸೇರಿಸಿಕೊಂಡ ನಾವು ‘ನಾಮ’. ಅವರನ್ನು ಬಿಟ್ಟ ನಾವು ‘ನಾಂಗ’. ಹಾಗೆಯೇ ‘ನಮ್ಮ ವೀಡು’ ಎಂದರೆ ನಿನ್ನದೂ ನನ್ನದೂ ಆದ ಮನೆ. ‘ಎಂಗ ವೀಡು’ ಎಂದರೆ ನಮ್ಮದು, ನಿನ್ನದಲ್ಲ. ತೆಲುಗಿನಲ್ಲೂ, ಮರಾಠಿಯಲ್ಲೂ, ನಮ್ಮ ಪಕ್ಕದ ತುಳುವಿನಲ್ಲೂ ಈ ಭೇದ ಉಂಟು. ನಾವಾಡುವ ಕನ್ನಡದಲ್ಲಿ ಒಂದೇ ‘ನಾವು’, ಯಾರು ಒಳಗೆ, ಯಾರು ಹೊರಗೆ ಎಂದು ಅದು ಬಾಯಿಬಿಟ್ಟು ಹೇಳುವುದಿಲ್ಲ. ಅದು ಕನ್ನಡದ ದೊಡ್ಡ ಮನಸ್ಸೋ, ಜಾಣತನವೋ, ನನಗೆ ಗೊತ್ತಾಗಿಲ್ಲ. ಪುಸ್ತಕದಲ್ಲಿ ಇದು ಎಲ್ಲೋ ಅಡಿಟಿಪ್ಪಣಿಯಲ್ಲಿ ಇತ್ತು, ನಾನು ಹಾರಿಸಿದ್ದೆ.

2021ರಲ್ಲಿ ಅವಳಿಗೆ ಬೇರೆ ಕೆಲಸ ಸಿಕ್ಕಿತು, ಇಬ್ಬರೂ ಬೆಂಗಳೂರಿಗೆ ಮರಳಿದರು. ಇದನ್ನೆಲ್ಲ ಬರೆಯಲೇ ಎಂದು ಅವಳನ್ನು ಕೇಳಿಯೇ ಬರೆದಿದ್ದೇನೆ. ಎರಡು ಕಡೆ ತಮಿಳು ತಿದ್ದಿದ್ದಾಳೆ. ಬೆಲ್ಲದ ವಿಷಯ ಬೇಡವೆಂದಳು, ಆಮೇಲೆ ಇರಲಿ ಎಂದಳು.

ಆ ವರ್ಷದ ದೀಪಾವಳಿಗೆ ಬಂದಿದ್ದಾಗ ಅವಳು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅಮ್ಮನ ಜೊತೆ ಮಾತಾಡುತ್ತಿದ್ದಳು. ಮತ್ತೆ ಅಲ್ಲಿಯೇ ಕೂತದ್ದು ನನಗೆ ಕಾಣಲೆಂದೋ, ತಾರಸಿಯ ಮೇಲೆ ಮಕ್ಕಳ ಪಟಾಕಿಯ ಗಲಾಟೆಯೆಂದೋ. ನಾನು ಕಿಟಕಿಯಲ್ಲಿ ಕಡುಬಿನ ಹಿಟ್ಟು ನಾದುತ್ತಿದ್ದೆ. ಮದುರೆಯಲ್ಲಿ ಹಬ್ಬದ ಎಣ್ಣೆಸ್ನಾನ ಯಾವಾಗ ಎಂದು ಅವಳು ಕೇಳಿದಳು, ಅಮ್ಮ ಏನೋ ಹೇಳಿದರು. ಇವಳು “ಎಂಗ ವೀಟ್ಟುಲ ನಾಳೈಕ್ಕು ದಾನ್” ಎಂದಳು. ನಮ್ಮ ಮನೆಯಲ್ಲಿ ನಾಳೆಯೇ.

ಎಂಗ ವೀಡು. ಹೆತ್ತ ತಾಯಿಗೆ ಹೇಳಿದ ಮಾತು. ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಮೊದಲು ಬಂದದ್ದು ಸಂತೋಷವೇ, ಸುಳ್ಳು ಹೇಳುವುದಿಲ್ಲ. ಮರುಕ್ಷಣವೇ ಫೋನಿನ ಆ ತುದಿಯಲ್ಲಿ, ನ್ಯೂಸ್‌ಪೇಪರು ಹಾಸಿ ಮುರುಕು ಒತ್ತುತ್ತಲೋ ಏನೋ ಕೂತಿದ್ದಿರಬಹುದಾದ ಇನ್ನೊಬ್ಬ ಹೆಂಗಸಿನ ನೆನಪಾಯಿತು. ಆಕೆಗೆ ಆ ಪುಟ್ಟ ಪದ ಕೇಳಿಸಿತೇ? ಕೇಳಿಸದೆ ಇರುತ್ತದೆಯೇ, ಆಕೆಯದೇ ಭಾಷೆ. ಒಂದು ಗಳಿಗೆ ಆ ಕಡೆಯಿಂದ ಮಾತು ಬರಲಿಲ್ಲ, ಅಥವಾ ನನಗೆ ಹಾಗನ್ನಿಸಿತು. ಆಮೇಲೆ ಸೊಸೆ ದನಿ ತಗ್ಗಿಸಿ “ಅಮ್ಮಾ…” ಎಂದಳು.

ನಾನು ಕೈ ತೊಳೆದುಕೊಂಡು ಮಿಕ್ಸಿಗೆ ಕಾಯಿ ಹಾಕಿ ಗುಂಡಿ ತಿರುಗಿಸಿದೆ. ಕಾಯಿ ಆಗಲೇ ರುಬ್ಬಿಯಾಗಿತ್ತು.